ಕಲ್ಲಿನ ಧೂಳಿಗೆ ನೀರೋ, ಹೀರುಯಂತ್ರವೋ, ಮಾಸ್ಕೋ? ಕೆಲಸ ನೋಡಿ ಆರಿಸುವ ಬಗೆ

ಗ್ರಾನೈಟ್ ಕೊಯ್ಯುವ, ಉಜ್ಜುವ, ಕೊರೆಯುವ ಜಾಗದಲ್ಲಿ ಧೂಳು ತಡೆಯಲು ಇರುವ ದಾರಿ ಮೂರು. ಬ್ಲೇಡು ಕಲ್ಲಿಗೆ ತಾಗುವ ಜಾಗಕ್ಕೇ ನೀರು ಬಿಡುವುದು. ಅದೇ ಜಾಗದಿಂದ ಧೂಳನ್ನು ಯಂತ್ರದಿಂದ ಹೀರಿ ತೆಗೆಯುವುದು. ಕೆಲಸಗಾರರ ಮುಖಕ್ಕೆ ಮಾಸ್ಕ್ ಹಾಕಿಸುವುದು. ಬಹಳಷ್ಟು ಕಡೆ ಮೂರನೆಯದರಿಂದಲೇ ಶುರು ಮಾಡಿ ಅಲ್ಲಿಗೇ ನಿಲ್ಲಿಸುತ್ತಾರೆ. ಮಾಸ್ಕ್ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ, ಖರ್ಚೂ ಕಡಿಮೆ. ಆದರೆ ಮೂರರಲ್ಲಿ ಬೇಗ ಕೈಕೊಡುವುದೂ ಅದೇ. ಮೊದಲು ನೀರು, ನೀರು ಹಾಕಲಾಗದ ಕಡೆ ಹೀರುಯಂತ್ರ, ಇವೆರಡರಲ್ಲೊಂದು ನಡೆಯುತ್ತಿರುವಾಗ ಅದರ ಮೇಲೆ ಮಾಸ್ಕ್: ನಾವು ಹೇಳುವ ಕ್ರಮ ಇದು. ಜಿಗಣಿಯ ಪಾಲಿಷಿಂಗ್ ಘಟಕ, ಇಳಕಲ್ಲಿನ ಕ್ವಾರಿ, ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಅಡುಗೆಮನೆ ಕಟ್ಟೆ ಕೂರಿಸುವ ಇಬ್ಬರ ತಂಡ, ಮೂರಕ್ಕೂ ಒಂದೇ ಸಲಕರಣೆ ಹೊಂದದು. ಕ್ರಮ ಮಾತ್ರ ಒಂದೇ.

ತಡೆಯಬೇಕಾದದ್ದು ಏನನ್ನು

ಹುಬ್ಬಿನ ಮೇಲೆ, ಅಂಗಿಯ ಮೇಲೆ ಕೂರುವ ಬಿಳಿ ಪುಡಿ ಒಳಗೆ ಹೋದರೂ ಹೆಚ್ಚಾಗಿ ಮೂಗು, ಗಂಟಲಿನಲ್ಲೇ ಸಿಕ್ಕಿಬಿದ್ದು ಕಫದ ಜೊತೆ ಹೊರಬರುತ್ತದೆ. ಶ್ವಾಸಕೋಶದ ಕೊನೆಯ ಗಾಳಿಚೀಲದ ತನಕ ಇಳಿಯುವುದು 10 ಮೈಕ್ರಾನ್‌ಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಸಣ್ಣ ಕಣ, ಅದರಲ್ಲೂ 4 ಮೈಕ್ರಾನ್ ಮತ್ತು ಅದಕ್ಕೂ ಕೆಳಗಿನದು. ಅದು ಬರಿಗಣ್ಣಿಗೆ ಕಾಣುವುದಿಲ್ಲ. ಒಂದು ಮೈಕ್ರಾನಿನ ಕಣ ಆಳೆತ್ತರದಿಂದ ನೆಲಕ್ಕಿಳಿಯಲು ಗಾಳಿ ಅಲುಗದ ಕೋಣೆಯಲ್ಲೂ ಗಂಟೆಗಟ್ಟಲೆ ಬೇಕು. ಹಾಗಾಗಿ ಮಷಿನ್ ನಿಂತು, ಕಣ್ಣಿಗೆ ಎಲ್ಲ ತಿಳಿಯಾಗಿ ಕಂಡ ಮೇಲೆ ಅಲ್ಲೇ ಕೂತು ಊಟ ಮಾಡುವವರು ಕೂಡ ಧೂಳು ಉಸಿರಾಡುತ್ತಲೇ ಇರುತ್ತಾರೆ.

ಕಲ್ಲಿನಲ್ಲಿರುವ ಬೆಣಚು, ಅಂದರೆ ಹರಳುಗಟ್ಟಿದ ಸಿಲಿಕಾ, ಇಲ್ಲಿ ವಿಷ. ಗಾಳಿಚೀಲದಲ್ಲಿ ಕೊಳೆ ತಿನ್ನುವ ರಕ್ಷಕ ಜೀವಕೋಶಗಳು ಅದನ್ನು ನುಂಗಿ ಸಾಯುತ್ತವೆ. ಹೊರಬಿದ್ದ ಅದೇ ಚೂರನ್ನು ಇನ್ನೊಂದು ಜೀವಕೋಶ ನುಂಗಿ ಸಾಯುತ್ತದೆ. ಪ್ರತಿ ಸಲವೂ ಸುತ್ತಲಿನ ಅಂಗಾಂಶ ಉರಿಗೊಂಡು ಗಂಟುಕಟ್ಟುತ್ತದೆ. ಈ ಸರಪಳಿ ಕೆಲಸ ಬಿಟ್ಟ ಮೇಲೂ ನಿಲ್ಲದೆ ಇರಬಹುದು. ಇದೇ ಸಿಲಿಕೋಸಿಸ್. ಗಟ್ಟಿಯಾದ ಶ್ವಾಸಕೋಶವನ್ನು ಮೊದಲಿನಂತೆ ಮಾಡುವ ಔಷಧ ಇಲ್ಲ. ಸಾಮಾನ್ಯವಾಗಿ ಹತ್ತು ವರ್ಷ ದಾಟಿದ ಮೇಲೆ ಕಾಣಿಸಿಕೊಳ್ಳುತ್ತದೆ. ಧೂಳು ಹೆಚ್ಚಿದ್ದರೆ ಐದರಿಂದ ಹತ್ತು ವರ್ಷದಲ್ಲಿ. ವಿಪರೀತ ಧೂಳಿನ ಕಡೆ ಕೆಲವೇ ತಿಂಗಳಲ್ಲಿ ಬಂದು ಜೀವ ತೆಗೆದದ್ದೂ ಇದೆ. ಜೊತೆಗೆ ಕ್ಷಯ ತಗಲುವ ಸಾಧ್ಯತೆ ಹಲವು ಪಟ್ಟು ಏರುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಈ ಸಿಲಿಕಾ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ನಮ್ಮಲ್ಲಿ ಇದು ಹೊಸ ಸುದ್ದಿಯೂ ಅಲ್ಲ: ಸ್ವಾತಂತ್ರ್ಯ ಬರುವ ಹೊತ್ತಿಗಾಗಲೇ ಕೋಲಾರದ ಚಿನ್ನದ ಗಣಿಗಳಿಂದ ಸಿಲಿಕೋಸಿಸ್ ವರದಿಯಾಗಿತ್ತು. ಅಲ್ಲಿ ಚಿನ್ನ ಇದ್ದದ್ದೇ ಬೆಣಚಿನ ಪದರಗಳಲ್ಲಿ.

ನಿಮ್ಮ ಕಲ್ಲು ಯಾವುದು

ಸಲಕರಣೆ ಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಇಳಕಲ್ಲಿನ ಕೆಂಪು ಗ್ರಾನೈಟಿನಂಥ ಕಲ್ಲಿನಲ್ಲಿ ಬೆಣಚು ಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗ. ಚಾಮರಾಜನಗರದ ಕಡೆಯ ‘ಬ್ಲ್ಯಾಕ್ ಗ್ರಾನೈಟ್’ ವ್ಯಾಪಾರದ ಹೆಸರಷ್ಟೇ. ಅದು ಡೋಲರೈಟ್ ಎಂಬ ಬೇರೆ ಕಲ್ಲು, ಬೆಣಚು ತೀರ ಕಡಿಮೆ. ಬಾದಾಮಿಯ ಮರಳುಗಲ್ಲು ಬಹುಪಾಲು ಬೆಣಚೇ. ಶಹಾಬಾದ್ ಕಲ್ಲು ಸುಣ್ಣಕಲ್ಲಿನ ಜಾತಿ, ಗ್ರಾನೈಟಿಗಿಂತ ವಾಸಿ, ಆದರೆ ನಿರಪಾಯವಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಈಗ ಅಡುಗೆಮನೆಗಳಿಗೆ ಬರುತ್ತಿರುವ ಕ್ವಾರ್ಟ್ಜ್ ಸ್ಲ್ಯಾಬ್. ಕಲ್ಲಿನ ಪುಡಿಯನ್ನು ರಾಳದಲ್ಲಿ ಅಂಟಿಸಿ ಮಾಡಿದ ಈ ಹಲಗೆಯಲ್ಲಿ ಸಿಲಿಕಾ 90 ಶೇಕಡ ಮೀರಬಹುದು. ಇದನ್ನು ಕೊಯ್ಯುವ ಹುಡುಗರಲ್ಲಿ ಸಣ್ಣ ವಯಸ್ಸಿಗೇ ಸಿಲಿಕೋಸಿಸ್ ಕಂಡುಬಂದು ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅದನ್ನು ನಿಷೇಧಿಸಿತು. ನಮ್ಮ ಸಲಹೆ ನೇರ: ಗ್ರಾಹಕರು ಒಪ್ಪಿದರೆ ಕಪ್ಪು ಗ್ರಾನೈಟ್ ಹಾಕಿಸಿ. ಕ್ವಾರ್ಟ್ಜ್ ಸ್ಲ್ಯಾಬೇ ಬೇಕೆಂದರೆ ಅಳತೆ ತೆಗೆದುಕೊಂಡು ಹೋಗಿ ನೀರಿನ ವ್ಯವಸ್ಥೆಯಿರುವ ಘಟಕದಲ್ಲಿ ಕೊಯ್ಸಿ ತನ್ನಿ. ಫ್ಲಾಟಿನ ಬಾಲ್ಕನಿಯಲ್ಲಿ ಅದನ್ನು ಒಣಗಿದ್ದಂತೆ ಕೊಯ್ಯುವುದಕ್ಕೆ ಯಾವ ಮಾಸ್ಕೂ ಸಮಜಾಯಿಷಿ ಆಗಲಾರದು.

ಮಿತಿಯ ಲೆಕ್ಕವನ್ನು ಒಮ್ಮೆ ಕೈಯಾರೆ ಹಾಕಿ ನೋಡಿ. 1948ರ ಹಳೆಯ ಕಾರ್ಖಾನೆ ಕಾಯ್ದೆಯ ಸೂತ್ರದಂತೆ, ಉಸಿರಿನೊಳಗೆ ಇಳಿಯುವ ಧೂಳಿನ ಮಿತಿ ಒಂದು ಘನ ಮೀಟರ್ ಗಾಳಿಗೆ 10 ÷ (ಬೆಣಚಿನ ಶೇಕಡ + 2) ಮಿಲಿಗ್ರಾಂ. ಬೆಣಚು 30 ಶೇಕಡ ಇದ್ದರೆ 0.31 ಮಿಲಿಗ್ರಾಂ ಧೂಳು. ಅದರಲ್ಲಿ ಬೆಣಚು ಸುಮಾರು 0.09. ಅಮೆರಿಕದ ಮಿತಿ ಇನ್ನೂ ಬಿಗಿ, 2016ರ ನಿಯಮದಂತೆ ಬೆಣಚು 0.05 ಮಿಲಿಗ್ರಾಂ. ವ್ಯವಸ್ಥೆ ಮಾಡುವವರು ಈ 0.05ನ್ನೇ ಗುರಿ ಇಟ್ಟುಕೊಳ್ಳುವುದು ಒಳ್ಳೆಯದು. 10 ಮೀಟರ್ ಉದ್ದ, 10 ಮೀಟರ್ ಅಗಲ, 3 ಮೀಟರ್ ಎತ್ತರದ ಶೆಡ್ಡಿನಲ್ಲಿ 300 ಘನ ಮೀಟರ್ ಗಾಳಿ. ಅಷ್ಟೂ ಗಾಳಿ ಈ ಮಿತಿ ಮುಟ್ಟಲು 15 ಮಿಲಿಗ್ರಾಂ ಬೆಣಚು ಸಾಕು, ಒಂದು ಚಿಟಿಕೆ ಉಪ್ಪಿಗಿಂತ ಎಷ್ಟೋ ಕಡಿಮೆ. ಬಾಗಿಲು ತೆರೆದಿಟ್ಟೆವು, ಟೇಬಲ್ ಫ್ಯಾನ್ ಹಾಕಿದೆವು ಎಂಬುದು ಸಾಲದೆ ಬರುವುದು ಇದಕ್ಕೇ. ಫ್ಯಾನು ಒಬ್ಬರ ಮುಂದಿನ ಧೂಳನ್ನು ಪಕ್ಕದವರಿಗೆ ದಾಟಿಸುತ್ತದೆ, ನೆಲದಲ್ಲಿ ಕೂತದ್ದನ್ನೂ ಎಬ್ಬಿಸುತ್ತದೆ.

ನೀರು

ಸರಿಯಾಗಿ ಹಾಕಿದ ನೀರು ಧೂಳನ್ನು ಹತ್ತನೇ ಒಂದು ಪಾಲಿಗೆ ಇಳಿಸಬಲ್ಲದು. ‘ಸರಿಯಾಗಿ’ ಎಂದರೆ ಧೂಳು ಗಾಳಿಗೆ ಹಾರುವ ಮೊದಲೇ ತೋಯಬೇಕು. ಒಮ್ಮೆ ಹಾರಿದ ಸಣ್ಣ ಕಣವನ್ನು ಪೈಪಿನ ನೀರಿನಿಂದ ಹಿಡಿಯುವುದು ಕಷ್ಟ. ದಪ್ಪ ಹನಿ ಬೀಳುವಾಗ ಅದರ ಸುತ್ತ ಸರಿಯುವ ಗಾಳಿಯ ಜೊತೆ ಕಣವೂ ಪಕ್ಕಕ್ಕೆ ಜಾರಿಕೊಳ್ಳುತ್ತದೆ. ಕೆಲಸ ಶುರುವಿಗೆ ಮುನ್ನ ಕಲ್ಲಿನ ಮೇಲೆ ಒಂದು ಬಕೆಟ್ ನೀರು ಸುರಿಯುವ ರೂಢಿಯಿಂದ ಪ್ರಯೋಜನವಿಲ್ಲದ್ದೂ ಇದಕ್ಕೇ: ಮೇಲ್ಮೈ ಒದ್ದೆ, ಬ್ಲೇಡು ಇಳಿಯುವ ಒಳಭಾಗ ಒಣ.

ಕೈಯಲ್ಲಿ ಹಿಡಿಯುವ ಕಟ್-ಆಫ್ ಸಾ (ಕಲ್ಲು ಕೊಯ್ಯುವ ಗರಗಸ) ಆದರೆ ಬ್ಲೇಡಿನ ಎರಡೂ ಮಗ್ಗುಲಿಗೆ ನೀರು ತಾಗುವಂತೆ ನಳಿಕೆ ಇರಬೇಕು, ಹರಿವು ನಿಮಿಷಕ್ಕೆ ಕನಿಷ್ಠ ಅರ್ಧ ಲೀಟರ್. ಅಂದರೆ 20 ಲೀಟರಿನ ಕ್ಯಾನು 40 ನಿಮಿಷದ ಕೊಯ್ತಕ್ಕೆ ಬರುತ್ತದೆ. ಬಿಸಿಲಲ್ಲಿ ಕ್ಯಾನು ಖಾಲಿಯಾದದ್ದು ಗಮನಕ್ಕೆ ಬಾರದೆ ಮುಂದಿನ ಹತ್ತು ನಿಮಿಷ ಒಣ ಕೊಯ್ತ ನಡೆಯುವುದು ತೀರ ಸಾಮಾನ್ಯ. ಎರಡು ಕ್ಯಾನು ಜೊತೆಗಿಟ್ಟು, ಒಂದು ಮುಗಿದೊಡನೆ ಮಷಿನ್ ನಿಲ್ಲಿಸುವ ಕಟ್ಟುನಿಟ್ಟು ಬೇಕು. ಜಾಕ್ ಹ್ಯಾಮರಿಗೆ ಇಷ್ಟೂ ಬೇಡ: ಮೊನೆ ತಾಗುವ ಜಾಗಕ್ಕೆ ಗುರಿಯಿಟ್ಟ ಮಂಜಿನಂಥ ಸ್ಪ್ರೇ, ನಿಮಿಷಕ್ಕೆ ಸುಮಾರು 350 ಮಿಲಿಲೀಟರ್ ಸಾಕಾಗುತ್ತದೆ. ಕ್ವಾರಿಯಲ್ಲಿ ರಂಧ್ರ ಕೊರೆಯುವ ಡ್ರಿಲ್ಲಿಗೆ ನಡು ಕೊಳವೆಯ ಮೂಲಕವೇ ನೀರು ಹೋಗುವ ಮಾದರಿ ಸಿಗುತ್ತದೆ. ಹೊರಗಿನಿಂದ ಪೈಪು ಹಿಡಿಯುವುದಕ್ಕಿಂತ ಅದು ಎಷ್ಟೋ ಮೇಲು, ಧೂಳು ಹುಟ್ಟುವುದು ರಂಧ್ರದ ತಳದಲ್ಲಿ ತಾನೆ.

ನೀರಿನ ದೊಡ್ಡ ತೊಂದರೆ ಕರೆಂಟು. ಸಾದಾ ಎಲೆಕ್ಟ್ರಿಕ್ ಆಂಗಲ್ ಗ್ರೈಂಡರಿಗೆ ನೀರು ಬಿಡಬೇಡಿ. ‘ಡಬಲ್ ಇನ್ಸುಲೇಷನ್’ ಎಂದು ಬರೆದಿದ್ದರೆ ಅದು ನೀರು ತಡೆಯುತ್ತದೆ ಎಂದರ್ಥವಲ್ಲ. ಗಾಳಿಕಿಂಡಿಯಿಂದ ಒಳಗೆ ಹೋದ ಕಲ್ಲಿನ ರಾಡಿ ಮೋಟಾರನ್ನು ಸುಡುತ್ತದೆ, ಹಿಡಿದವರಿಗೆ ಶಾಕ್ ಹೊಡೆಯುತ್ತದೆ. ಒದ್ದೆ ಪಾಲಿಷಿಗೆ ಕಂಪ್ರೆಸರ್ ಗಾಳಿಯಲ್ಲಿ ಓಡುವ ಪಾಲಿಷರ್ ಸುರಕ್ಷಿತ. ಎಲೆಕ್ಟ್ರಿಕ್ಕೇ ಆಗಬೇಕಿದ್ದರೆ ಒದ್ದೆ ಕೆಲಸಕ್ಕೆಂದೇ ಮಾಡಿದ ಮಷಿನ್, ಅದರ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ಲೈನು ಕಡಿಯುವ ಸ್ವಿಚ್ಚು), ಕೇಬಲ್ ನೆಲಕ್ಕೆ ತಾಗದಂತೆ ಮೇಲಿನಿಂದ ಇಳಿಬಿಟ್ಟಿರಬೇಕು. ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ ಅದು ಬೀಳುತ್ತದೆಯೇ ಎಂದು ಆಗಾಗ ನೋಡಿ.

ಎರಡನೆಯ ತೊಂದರೆ ರಾಡಿ. ಒಣಗಿದರೆ ಅದು ಮತ್ತೆ ಅದೇ ಧೂಳು. ಸಂಜೆ ಹೋಗುವ ಮುನ್ನ, ಹಸಿ ಇರುವಾಗಲೇ, ವೈಪರಿನಿಂದ ಎಳೆದು ಚರಂಡಿಗೆ ತಳ್ಳಬೇಕು. ಬೆಳಿಗ್ಗೆ ಒಣ ಪೊರಕೆಯಿಂದ ಗುಡಿಸಿದರೆ ಹಿಂದಿನ ದಿನದ ನೀರೆಲ್ಲ ವ್ಯರ್ಥ. ನೀರನ್ನು ಮರುಬಳಕೆ ಮಾಡುವವರು ಎರಡು ಮೂರು ಕೋಣೆಯ ತೊಟ್ಟಿಯಲ್ಲಿ ಅದು ತಿಳಿಯಾಗಲು ಬಿಡಬೇಕು. ಇಲ್ಲದಿದ್ದರೆ ನಳಿಕೆ ಕಟ್ಟುತ್ತದೆ, ಸ್ಪ್ರೇಯ ಹನಿ ಗಾಳಿಯಲ್ಲಿ ಆರಿದಾಗ ಅದರೊಳಗಿನ ಬೆಣಚು ಹಾಗೇ ತೇಲುತ್ತದೆ.

ಹೀರುಯಂತ್ರ

ನೀರು ಹಾಕಲಾಗದ ಕಡೆ, ಅಂದರೆ ಒಳಾಂಗಣ ಮುಗಿದ ಮನೆ, ಕರೆಂಟಿನ ಸಲಕರಣೆ ಬಿಟ್ಟು ಬೇರೆ ಇಲ್ಲದ ಕಡೆ, ಒದ್ದೆಯಾದರೆ ಗೆರೆ ಕಾಣದ ಸೂಕ್ಷ್ಮ ಕೆತ್ತನೆ, ಇಲ್ಲಿ ಇದು ಸರಿ. ಮೂರು ಭಾಗ ಒಟ್ಟಿಗೆ ಇರಬೇಕು: ಡಿಸ್ಕನ್ನು ಸುತ್ತುವರಿಯುವ ಮುಸುಕು, ಅಗಲವಾದ ಪೈಪು, ಶೋಧಕ ಇರುವ ಯಂತ್ರ. ಒಂದು ಬಿಟ್ಟರೂ ಉಳಿದೆರಡು ದಂಡ.

ಎಷ್ಟು ಹೀರಬೇಕು ಎಂಬುದಕ್ಕೆ ಅಮೆರಿಕದ ನಿಯಮದಲ್ಲಿ ಸುಲಭದ ಲೆಕ್ಕವಿದೆ: ಗ್ರೈಂಡರ್ ಡಿಸ್ಕಿನ ಪ್ರತಿ ಇಂಚಿಗೆ ನಿಮಿಷಕ್ಕೆ 25 ಘನ ಅಡಿ ಗಾಳಿ. 5 ಇಂಚಿನ ಡಿಸ್ಕಿಗೆ 125 ಘನ ಅಡಿ, ಅಂದರೆ ಸುಮಾರು 3.5 ಘನ ಮೀಟರ್. 7 ಇಂಚಿಗೆ 175. ಶೋಧಕ 99 ಶೇಕಡಕ್ಕೆ ಕಡಿಮೆಯಿಲ್ಲದಂತೆ ಹಿಡಿಯಬೇಕು, ಜೊತೆಗೆ ದಪ್ಪ ಧೂಳನ್ನು ಮೊದಲೇ ಬೇರ್ಪಡಿಸುವ ಸೈಕ್ಲೋನ್ ಅಥವಾ ಶೋಧಕವನ್ನು ತಾನೇ ಒದರಿಕೊಳ್ಳುವ ವ್ಯವಸ್ಥೆ. ಮನೆಯ ವ್ಯಾಕ್ಯೂಮ್ ಕ್ಲೀನರ್ ಇದಕ್ಕೆ ಬೇಡ. ಅದರ ಚೀಲ ಸಣ್ಣ ಕಣವನ್ನು ಹಿಂದಿನಿಂದ ಹೊರಗೆ ಊದುತ್ತದೆ. ಕಣ್ಣಿಗೆ ಸ್ವಚ್ಛ ಕಾಣುವ ಕೋಣೆಯಲ್ಲಿ ಅತಿ ಕೆಟ್ಟ ಧೂಳು ಉಳಿಯುತ್ತದೆ.

ಕೈಕೊಡುವ ಜಾಗಗಳು ಗೊತ್ತಿರಲಿ. ಮುಸುಕು ಸಮತಟ್ಟಾದ ಮೈಗೆ ಚೆನ್ನಾಗಿ ಕೂರುತ್ತದೆ. ಸ್ಲ್ಯಾಬಿನ ಅಂಚು, ಸಿಂಕಿನ ಮೂಲೆಗೆ ಬಂದೊಡನೆ ಒಂದು ಮಗ್ಗುಲು ತೆರೆದುಕೊಂಡು ಧೂಳು ನೇರ ಮುಖಕ್ಕೆ ಹಾರುತ್ತದೆ. ಅಂಚು ಉಜ್ಜುವುದೇ ಹೆಚ್ಚಿನ ಕೆಲಸವಾದರೆ ಹೀರುಯಂತ್ರಕ್ಕೆ ದುಡ್ಡು ಹಾಕುವ ಬದಲು ಗಾಳಿ ಪಾಲಿಷರ್ ಮತ್ತು ನೀರಿಗೆ ಹಾಕಿ. ಪೈಪು ಉದ್ದವಾದಷ್ಟೂ, ಮಡಚಿದಷ್ಟೂ ಸೆಳೆತ ಸಾಯುತ್ತದೆ. ಇನ್ನು ಚೀಲ ಖಾಲಿ ಮಾಡುವುದು ಇಡೀ ದಿನದ ಕೆಟ್ಟ ಐದು ನಿಮಿಷ. ಹೊರಗೆ ಒಯ್ದು, ಮಾಸ್ಕ್ ಹಾಕಿ, ಚೀಲದ ಬಾಯಿ ಕಟ್ಟಿ ಹಾಗೆಯೇ ಹಾಕಬೇಕು. ಶೋಧಕವನ್ನು ಗೋಡೆಗೆ ಬಡಿದು ಒದರಬಾರದು.

ಮಾಸ್ಕ್

ಟವೆಲ್, ಕರ್ಚೀಫು, ನೀಲಿ ಸರ್ಜಿಕಲ್ ಮಾಸ್ಕ್: ಈ ಮೂರನ್ನೂ ಲೆಕ್ಕಕ್ಕೆ ಹಿಡಿಯಬೇಡಿ. ಮೂಗಿನ ಪಕ್ಕದ ಸಂದಿಯಿಂದ ಗಾಳಿ ಹೊಗುತ್ತದೆ, ಬಟ್ಟೆಯ ನೆಯ್ಗೆಯಲ್ಲೇ ಸಣ್ಣ ಕಣ ದಾಟುತ್ತದೆ.

ಎನ್95 ಮತ್ತು ನಮ್ಮ ಐಎಸ್ 9473 ಮಾನಕದ ಎಫ್‌ಎಫ್‌ಪಿ2 ಹೆಚ್ಚು ಕಡಿಮೆ ಒಂದೇ ದರ್ಜೆ; ಬಟ್ಟೆಯ ಶೋಧನೆ 95 ಮತ್ತು 94 ಶೇಕಡ. ಮುಖಕ್ಕೆ ಸರಿಯಾಗಿ ಕೂತರೆ ಧೂಳನ್ನು ಹತ್ತನೇ ಒಂದಕ್ಕೆ ಇಳಿಸುತ್ತದೆ ಎಂದು ಲೆಕ್ಕ. ಶೋಧಕದ ಡಬ್ಬಿ ಬದಲಿಸುವ ರಬ್ಬರಿನ ಅರ್ಧಮುಖದ ಮಾಸ್ಕಿನ ಲೆಕ್ಕವೂ ಹತ್ತೇ, ಆದರೆ ಅಂಚು ಚೆನ್ನಾಗಿ ಕೂರುತ್ತದೆ, ಬೆವರಿಗೆ ಮೆತ್ತಗಾಗುವುದಿಲ್ಲ; ದಿನವಿಡೀ ಹಾಕುವವರಿಗೆ ಕೊನೆಗೆ ಇದೇ ಅಗ್ಗ. ತಲೆಗೆ ತೊಡುವ, ಬ್ಯಾಟರಿ ಫ್ಯಾನು ಶೋಧಿಸಿದ ಗಾಳಿ ಊದುವ ಸಡಿಲ ಮುಸುಕು 25 ಪಟ್ಟು. ಗಡ್ಡ ಇರುವವರಿಗೆ ಸರಿಹೋಗುವುದು ಇದೊಂದೇ, ಬೆಲೆ ಮಾತ್ರ ಜಾಸ್ತಿ. ಪೂರ್ತಿ ಮುಖ ಮುಚ್ಚುವ ಬಿಗಿ ಮಾಸ್ಕ್ 50.

ಈ ಅಂಕಿಗಳು ಎಷ್ಟು ಬೇಗ ಕುಸಿಯುತ್ತವೆ ನೋಡಿ. ಎಂಟು ಗಂಟೆಯಲ್ಲಿ ಬೀಡಿಗೆ, ಮಾತಿಗೆ, ಸೆಕೆಗೆ ಅಂತ ಎಲ್ಲ ಸೇರಿ ಒಂದು ಗಂಟೆ ಎನ್95 ಕುತ್ತಿಗೆಗೆ ಇಳಿದಿದ್ದರೆ: ಏಳು ಗಂಟೆಗೆ ಹತ್ತನೇ ಒಂದರಂತೆ 0.7, ಬರಿಮುಖದ ಒಂದು ಗಂಟೆಗೆ 1, ಒಟ್ಟು 1.7. ಎಂಟನ್ನು 1.7ರಿಂದ ಭಾಗಿಸಿದರೆ 4.7. ಹತ್ತು ಪಟ್ಟಿನ ರಕ್ಷಣೆ ಒಂದೇ ಗಂಟೆಯಲ್ಲಿ ಅರ್ಧಕ್ಕಿಂತ ಕೆಳಗೆ ಬಂತು. ಮುಚ್ಚಿದ ಶೆಡ್ಡಿನಲ್ಲಿ ಒಣ ಗ್ರೈಂಡಿಂಗ್ ಮಾಡಿದರೆ ಧೂಳು ಮಿತಿಯ ಹತ್ತಾರು ಪಟ್ಟು ಏರುತ್ತದೆ. ನಲವತ್ತು ಪಟ್ಟು ಎಂದಿಟ್ಟುಕೊಂಡರೆ, ಶಿಸ್ತಾಗಿ ಎನ್95 ಹಾಕಿದವರೂ ಮಿತಿಯ ನಾಲ್ಕು ಪಟ್ಟು ಉಸಿರಾಡುತ್ತಾರೆ. ಅದೇ ನೀರಿನಿಂದ ಹತ್ತನೇ ಒಂದಾಗಿ, ಅದರ ಮೇಲೆ ಮಾಸ್ಕಿನಿಂದ ಮತ್ತೆ ಹತ್ತನೇ ಒಂದಾದರೆ ನಲವತ್ತು 0.4ಕ್ಕೆ ಇಳಿಯುತ್ತದೆ. ಮೊದಲು ಹೇಳಿದ ಕ್ರಮದ ಹಿಂದಿರುವುದು ಇದೇ ಲೆಕ್ಕ.

ಹಾಕುವಾಗ: ಎರಡೂ ಪಟ್ಟಿ ತಲೆಯ ಹಿಂದೆ, ಒಂದು ಮೇಲೆ, ಒಂದು ಕುತ್ತಿಗೆಗೆ. ಮೂಗಿನ ತಂತಿಯನ್ನು ಎರಡೂ ಕೈಬೆರಳಿನಿಂದ ಒತ್ತಿ. ಎರಡೂ ಅಂಗೈಯಿಂದ ಮಾಸ್ಕ್ ಮುಚ್ಚಿ ಜೋರಾಗಿ ಉಸಿರು ಬಿಟ್ಟಾಗ ಕಣ್ಣಿನ ಕಡೆ ಗಾಳಿ ಬಂದರೆ ಕೂತಿಲ್ಲ ಎಂದರ್ಥ. ಕವಾಟ ಇರುವ ಮಾಸ್ಕಿಗೆ ಉಸಿರು ಒಳಗೆಳೆದು ನೋಡಿ, ಅದು ಮುಖಕ್ಕೆ ಅಂಟಬೇಕು. ಎರಡು ದಿನದ ಗಡ್ಡವೂ ಅಂಚನ್ನು ಎತ್ತುತ್ತದೆ. ಉಸಿರೆಳೆಯುವುದು ಭಾರವಾದರೆ, ಒದ್ದೆಯಾದರೆ, ಪಟ್ಟಿ ಸಡಿಲಾದರೆ ಎಸೆಯಿರಿ, ತೊಳೆದು ಹಾಕಬೇಡಿ.

ಬೆಲ್ಲ ತಿಂದರೆ ಧೂಳು ಇಳಿದುಹೋಗುತ್ತದೆ ಎಂಬ ನಂಬಿಕೆ ಕ್ರಷರುಗಳಲ್ಲಿ ಗಟ್ಟಿಯಾಗಿದೆ, ಕೆಲವೆಡೆ ಮಾಲೀಕರೇ ಕೊಡುತ್ತಾರೆ. ಕೊಡಲಿ, ಶಕ್ತಿಗೆ ಒಳ್ಳೆಯದು. ಅದು ಹೋಗುವುದು ಹೊಟ್ಟೆಗೆ, ಧೂಳು ಕೂತಿರುವುದು ಎದೆಯಲ್ಲಿ. ಬೆಲ್ಲ ಮಾಸ್ಕಿನ ಬದಲಿಗೆ ಬರಬಾರದು.

ಕೆಲಸವಾರು ನಮ್ಮ ಆಯ್ಕೆ

ಬಯಲಲ್ಲಿ ದಿನಕ್ಕೆ ನಾಲ್ಕು ಗಂಟೆಯೊಳಗಿನ ಒದ್ದೆ ಕೊಯ್ತ, ಒದ್ದೆ ಜಾಕ್ ಹ್ಯಾಮರ್: ನೀರು ಸರಿಯಿದ್ದರೆ ಮಾಸ್ಕ್ ಕಡ್ಡಾಯವಿಲ್ಲ ಎನ್ನುತ್ತದೆ ಅಮೆರಿಕದ ನಿಯಮ. ನಮ್ಮ ಕ್ವಾರಿಗಳಲ್ಲಿ ಪಕ್ಕದಲ್ಲೇ ಇನ್ನೊಬ್ಬರು ಒಣ ಕೊರೆಯುತ್ತಿರುತ್ತಾರೆ. ಹಾಗಿದ್ದರೆ ಹಾಕಿಕೊಳ್ಳುವುದೇ ಸರಿ. ಅದೇ ಕೆಲಸ ಶೆಡ್ಡಿನೊಳಗೆ, ಅಥವಾ ನಾಲ್ಕು ಗಂಟೆ ಮೀರಿ: ನೀರಿನ ಜೊತೆ ಎನ್95 ಬೇಕೇ ಬೇಕು. ಅಂಚು ಪಾಲಿಷ್: ಗಾಳಿ ಪಾಲಿಷರ್, ನಡುವಿನಿಂದ ಬರುವ ನೀರು, ರಬ್ಬರ್ ಮಾಸ್ಕ್. ಮನೆಯೊಳಗೆ ಟೈಲ್ಸ್, ಕಟ್ಟೆ ಕೂರಿಸುವುದು: ಕೊಯ್ತ ಹೊರಗೆ ಒದ್ದೆಯಲ್ಲಿ, ಒಳಗಿನ ಸಣ್ಣಪುಟ್ಟ ತಿದ್ದುಪಡಿಗೆ ಮುಸುಕಿನ ಗ್ರೈಂಡರ್ ಮತ್ತು ಹೀರುಯಂತ್ರ. ಶಿವಾರಪಟ್ಟಣದಂಥ ಊರುಗಳಲ್ಲಿ ವಿಗ್ರಹ ಕೆತ್ತುವವರಿಗೆ ಉಳಿ, ಸುತ್ತಿಗೆಗಿಂತ ಈಗ ಬಂದಿರುವ ಸಣ್ಣ ಕಟರುಗಳದೇ ಅಪಾಯ ಹೆಚ್ಚು. ಕಟರ್ ಕೆಲಸವನ್ನೆಲ್ಲ ಒಂದು ಹೊತ್ತಿಗೆ ಒಟ್ಟುಮಾಡಿ, ಗಾಳಿ ಬೀಸುವ ದಿಕ್ಕಿಗೆ ಬೆನ್ನು ಕೊಡದೆ ಅಡ್ಡಲಾಗಿ ಕೂತು, ಮಾಸ್ಕ್ ಹಾಕಿ ಮಾಡಬೇಕು. ಬೆನ್ನಿಗೆ ಗಾಳಿ ಬಡಿದರೆ ಮೈಯ ಮುಂದೆ ಸುಳಿಯೆದ್ದು ಧೂಳು ಮುಖಕ್ಕೇ ತಿರುಗುತ್ತದೆ.

ಕ್ರಷರ್, ಎಂ-ಸ್ಯಾಂಡ್ ಘಟಕದಲ್ಲಿ ಜಲ್ಲಿ ಒಂದು ಬೆಲ್ಟಿನಿಂದ ಇನ್ನೊಂದಕ್ಕೆ ಬೀಳುವ ಪ್ರತಿ ಜಾಗವನ್ನೂ ಮುಚ್ಚಿ ಸ್ಪ್ರೇ ಇಡಬೇಕು. ಆಪರೇಟರ್ ಕೂರುವ ಕ್ಯಾಬಿನ್ನಿನ ಬಾಗಿಲು ಮುಚ್ಚಿ, ಶೋಧಿಸಿದ ಗಾಳಿ ಒಳಗೆ ಊದಿದರೆ ಒಬ್ಬರಿಗಂತೂ ಮಾಸ್ಕಿನ ಕಾಟ ತಪ್ಪುತ್ತದೆ.

ಯಾವ ಕೆಲಸವಾದರೂ ಕಂಪ್ರೆಸರ್ ಗಾಳಿಯಿಂದ ಮೈ, ಬಟ್ಟೆ ಊದಿಕೊಳ್ಳುವುದನ್ನು ಇಂದೇ ನಿಲ್ಲಿಸಿ. ಆ ಬಟ್ಟೆಯನ್ನು ಮನೆಗೆ ಒಯ್ದು ಒಣಗಿದ್ದಂತೆ ಕೊಡವಿದರೆ ತೊಳೆಯುವವರಿಗೂ ಪಾಲು ಹೋಗುತ್ತದೆ. ಅಲ್ಲೇ ಬದಲಿಸಿ, ನೀರಿನಲ್ಲಿ ಮುಳುಗಿಸಿಟ್ಟು ಒಗೆಯಿರಿ.

ತಪಾಸಣೆ ಮತ್ತು ಪರಿಹಾರ

ಎದೆಯ ಎಕ್ಸ್-ರೇ ಕೆಲಸಕ್ಕೆ ಸೇರಿದಾಗ ಒಂದು, ಬಳಿಕ ಕನಿಷ್ಠ ಮೂರು ವರ್ಷಕ್ಕೊಮ್ಮೆ. ಜೊತೆಗೆ ಊದಿ ನೋಡುವ ಸ್ಪೈರೋಮೆಟ್ರಿ. ಮೊದಮೊದಲು ಎರಡೂ ಸರಿಯಾಗಿಯೇ ಬರಬಹುದು. ಸರಿ ಬಂತೆಂದು ನೀರು ನಿಲ್ಲಿಸಬಾರದು. ಸಿಟಿ ಸ್ಕ್ಯಾನು ಬೇಗ ಹಿಡಿಯುತ್ತದೆ, ಆದರೆ ಖರ್ಚು ಮತ್ತು ವಿಕಿರಣ ಹೆಚ್ಚು. ಎಕ್ಸ್-ರೇಯಲ್ಲಿ ಅನುಮಾನ ಬಂದವರಿಗೆ ಸಾಕು.

ವೈದ್ಯರ ಬಳಿ ಹೋದಾಗ ಕಫ, ಕೆಮ್ಮು ಎಂದಷ್ಟೇ ಹೇಳಿ ಬಂದರೆ ಕ್ಷಯದ ಮಾತ್ರೆ ಸಿಗುವ ಸಂಭವ ದೊಡ್ಡದು, ಎಕ್ಸ್-ರೇಯಲ್ಲಿ ಕ್ಷಯವೂ ಸಿಲಿಕೋಸಿಸ್ಸೂ ಹತ್ತಿರ ಹತ್ತಿರ ಕಾಣುತ್ತವೆ. ‘ಕಲ್ಲು ಕೊಯ್ಯುವ ಕೆಲಸ, ಇಷ್ಟು ವರ್ಷ’ ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಕಫ ಪರೀಕ್ಷೆಯಲ್ಲಿ ಕ್ಷಯ ಸಿಗದೆ, ಮಾತ್ರೆ ಮುಗಿದರೂ ಏದುಸಿರು ಉಳಿದರೆ ಸಿಲಿಕೋಸಿಸ್ ಇದೆಯೇ ಎಂದು ಬಾಯಿಬಿಟ್ಟು ಕೇಳಿ. ಎರಡೂ ಒಟ್ಟಿಗೆ ಇರುವುದೂ ಉಂಟು, ಆಗ ಕ್ಷಯದ ಚಿಕಿತ್ಸೆ ಪೂರ್ತಿ ಮುಗಿಸಲೇಬೇಕು. ಔದ್ಯೋಗಿಕ ಕಾಯಿಲೆಗಳಿಗೆಂದೇ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಪ್ರಾದೇಶಿಕ ಕೇಂದ್ರ ಬೆಂಗಳೂರಿನ ದೇವನಹಳ್ಳಿ ಕಡೆ ಇದೆ. ಹಳೆಯ ಕಾರ್ಖಾನೆ ಕಾಯ್ದೆಯೂ ಹೊಸ ಕಾರ್ಮಿಕ ಸಂಹಿತೆಯೂ ಸಿಲಿಕೋಸಿಸ್ಸನ್ನು ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ಇಟ್ಟಿವೆ. ತಿಳಿಸುವುದು ವೈದ್ಯರ ಹೊಣೆಯೂ ಹೌದು.

ಪರಿಹಾರಕ್ಕೆ ದಾರಿ ಎರಡು, ಒಂದೇ ಕಾಯಿಲೆಗೆ ಎರಡನ್ನೂ ಪಡೆಯುವಂತಿಲ್ಲ. ಹತ್ತು ಅಥವಾ ಹೆಚ್ಚು ಜನರಿರುವ ಘಟಕದಲ್ಲಿ, ತಿಂಗಳಿಗೆ 21,000 ರೂಪಾಯಿಯೊಳಗಿನ ಸಂಬಳಕ್ಕೆ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಬರುತ್ತದೆ. ಅಲ್ಲಿ ಔದ್ಯೋಗಿಕ ಕಾಯಿಲೆಯನ್ನು ಕೆಲಸದಲ್ಲಾದ ಗಾಯದಂತೆಯೇ ಎಣಿಸಿ ಚಿಕಿತ್ಸೆ, ದುಡಿಯುವ ಶಕ್ತಿ ಹೋದಷ್ಟಕ್ಕೆ ತಿಂಗಳ ಹಣ, ಸಾವಾದರೆ ಅವಲಂಬಿತರಿಗೆ ಪಿಂಚಣಿ. ಇಎಸ್‌ಐ ಇಲ್ಲದವರಿಗೆ ಮಾಲೀಕರಿಂದ ಒಂದೇ ಗಂಟಿನಲ್ಲಿ ಪರಿಹಾರ ಕೇಳುವ ಹಕ್ಕಿದೆ. ವರ್ಷಗಟ್ಟಲೆ ಎಳೆಯುವ ಕಾಯಿಲೆಗೆ ತಿಂಗಳ ಹಣವೇ ಮೇಲು, ಹಾಗಾಗಿ ಆರೋಗ್ಯ ಇರುವಾಗಲೇ ಇಎಸ್‌ಐ ನಂಬರು ಕೇಳಿ ಬರೆದಿಟ್ಟುಕೊಳ್ಳಿ. ಎರಡನೆಯ ದಾರಿಯಲ್ಲಿ ಹೆಚ್ಚಿನವರು ಸೋಲುವುದು ಕಾಯಿಲೆ ತೋರಿಸಲಾಗದೆ ಅಲ್ಲ, ಅಲ್ಲಿ ದುಡಿದೆವು ಎಂದು ತೋರಿಸಲಾಗದೆ. ಹಾಜರಿ ಚೀಟಿ, ಬ್ಯಾಂಕಿಗೆ ಬಂದ ಕೂಲಿಯ ವಿವರ, ಮಷಿನ್ ಪಕ್ಕ ತೆಗೆದ ತಾರೀಕಿನ ಫೋಟೊ, ಪ್ರತಿ ಎಕ್ಸ್-ರೇಯ ಫಿಲ್ಮ್, ಎಲ್ಲವನ್ನೂ ಒಂದೇ ಕಡೆ, ಮನೆಯ ಇನ್ನೊಬ್ಬರಿಗೂ ಗೊತ್ತಿರುವ ಜಾಗದಲ್ಲಿ ಇಡಿ. ಅರ್ಜಿಗೆ ಕಾಲಮಿತಿ ಇರುವುದರಿಂದ, ಕಾಯಿಲೆ ಗೊತ್ತಾದ ವರ್ಷದಲ್ಲೇ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ.